ಮೊದಲು ಕೀಲಿ ಹಾಕಿ

ಬ್ಯಾಡಗಿ, ಮಂಗಳವಾರ

ಡಾಕ್ಟರ್ ಸುನೀಲಕುಮಾರ ಅವರಿಗೆ ಮಕ್ತುಮಸಾಬನ ನಮಸ್ಕಾರ.

ರಾಣೆಬೆನ್ನೂರಿನ ನಿಮ್ಮ ಆಸ್ಪತ್ರೆಯ ದಾಖಲೆಗಳೆಲ್ಲ ಈಗ ಕ್ಲೌಡ್‌ನಲ್ಲಿವೆ. ಅವುಗಳ ಭದ್ರತೆ ಪರೀಕ್ಷಿಸಲು ನನ್ನ ಮಗಳು ಫರ್ಹಾನಾಳನ್ನು ನೀವೇ ಕರೆಸಿದಿರಿ. ಲಿಂಕ್ ಸಿಕ್ಕವರು ಯಾವ ರೋಗಿಯ ಕಡತವನ್ನಾದರೂ ಪಾಸ್‌ವರ್ಡ್ ಇಲ್ಲದೆ ತೆರೆಯಬಹುದು ಎಂದು ಅವಳು ವರದಿ ಕೊಟ್ಟಳು.

“ಕೀಲಿ ಮುರದು ಒಳಗ ಹೊಕ್ಕೀಯಲ್ಲವಾ” ಎಂದರಂತೆ ನಿಮ್ಮ ಮ್ಯಾನೇಜರು.

“ಮುರ್ಯಾಕ ಕೀಲಿ ಎಲ್ಲೈತ್ರಿ ಸರ್?” ಎಂದಳಂತೆ ಇವಳು. ಅದಕ್ಕೆ ಪೊಲೀಸರಿಗೆ ದೂರು ಹೋಗಿದೆ.

ನಿಮ್ಮ ತಂದೆ ರೋಗಿಗಳ ಕಾಗದಗಳನ್ನು ಟ್ರಂಕಿನಲ್ಲಿಟ್ಟು ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ.

ಪುರಾವೆಗೆಂದು ಫರ್ಹಾನಾ ತೆರೆದದ್ದು ಒಂದೇ ಕಡತ. ಬೇರೆಯವರದು ಬೇಡವೆಂದು ತನ್ನ ತಾಯಿಯದನ್ನೇ ಆರಿಸಿದಳು. ನನ್ನ ಹೆಂಡತಿ ಗುಲಾಬಬಿಗೆ ಕ್ಯಾನ್ಸರ್ ಇರುವುದು ನಮ್ಮಿಬ್ಬರಿಗೆ ಮತ್ತು ನಿಮಗೆ ಮಾತ್ರ ಗೊತ್ತಿತ್ತು. “ಹುಡುಗಿ ನಿಕಾಹ ಆಗೂತನಕ ಹೇಳಬ್ಯಾಡ್ರಿ” ಎಂದು ಅವಳು ನಿಮ್ಮೆದುರೇ ಅಂದಿದ್ದಳು.

ದೂರನ್ನು ನಿಧಾನಕ್ಕೆ ಹಿಂಪಡೆಯಿರಿ. ಮೊದಲು ಕೀಲಿ ಹಾಕಿ. ಇಂದು ಬೆಳಿಗ್ಗೆಯೂ ಆ ಕಡತ ತೆರೆಯಿತು.

ಮಗಳಿಗೆ ತಿಳಿದಿದೆ ಎಂಬುದು ತಾಯಿಗೆ ಇನ್ನೂ ಗೊತ್ತಿಲ್ಲ. ಇಬ್ಬರೂ ಅಂಗಳದಲ್ಲಿ ಕುಳಿತು ಮದುವೆಯ ಖಾರಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾರೆ. ಕಣ್ಣಿಗೆ ಘಾಟು ಹತ್ತಿತು ಎನ್ನುತ್ತಾಳೆ ಫರ್ಹಾನಾ. ನಮ್ಮ ಬ್ಯಾಡಗಿ ಕಾಯಿಗೆ ಅಷ್ಟು ಘಾಟಿಲ್ಲ.

ನಿಮ್ಮ ಒಂದು ಸಾಲಿನ ಉತ್ತರದ ದಾರಿ ನೋಡುತ್ತಿರುವ,
ಮಕ್ತುಮಸಾಬ