ನಿಮ್ಮ ಡ್ರಾಯರಿನಲ್ಲಿರುವುದು ನನ್ನ ಮೊಮ್ಮಗುವಿನ ಚೆಂಡು

ಬೇಸ್‌ಬಾಲ್ ಮೈದಾನದ ಪ್ರೇಕ್ಷಕ ನಡವಳಿಕೆ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಮಗಳ ಮಡಿಲಿನಿಂದ ನಿಮ್ಮವರು ಒಂದು ಚೆಂಡನ್ನು ಎತ್ತಿಕೊಂಡು ಹೋಗಿದ್ದಾರೆ. ಅದೀಗ ‘ವಿವಾದಿತ ವಸ್ತು’ ಎಂಬ ಚೀಟಿ ಅಂಟಿಸಿಕೊಂಡು ನಿಮ್ಮ ಮೇಜಿನ ಡ್ರಾಯರಿನಲ್ಲಿ ಕೂತಿದೆ ಎಂದು ತಿಳಿದುಬಂದಿದೆ. ದಯವಿಟ್ಟು ವಾಪಸು ಕೊಡಿ. ಸುತ್ತಿ ಬಳಸಿ ಮಾತಾಡುವುದು ನನ್ನ ಹುಟ್ಟುಗುಣ. ಆದರೂ ಈ ಸಲ ವಿಷಯವನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಏಕೆಂದರೆ ಮನೆಯಲ್ಲಿ ಬಾಳೆಹಣ್ಣು ಕೊಳೆಯುತ್ತಿದೆ. ಚೆಂಡಿಗೂ ಬಾಳೆಹಣ್ಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಹೇಳುವುದಕ್ಕೇ ಈ ಪತ್ರ.

ಕನ್ನಡದಲ್ಲಿ ಏಕೆ ಬರೆದಿರಿ ಎಂದೂ ಕೇಳಬಹುದು. ಇಂಗ್ಲಿಷಿನಲ್ಲಿ ಬರೆದು ನೋಡಿದೆ ಸ್ವಾಮಿ. ಪ್ರತಿ ಸಲವೂ ನಿಮ್ಮ ಯಂತ್ರವೊಂದು ಕ್ಷಣಾರ್ಧದಲ್ಲಿ ಉತ್ತರ ಕೊಟ್ಟಿತು: ‘ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಆಕಾಶದಲ್ಲಿರುವಷ್ಟನ್ನೂ ಕೊಟ್ಟೆ, ಚೆಂಡು ಬರಲಿಲ್ಲ. ಆದ್ದರಿಂದ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ನಾಲ್ಕು ಜನರ ಮುಂದೆ ಇದನ್ನು ಇಡುತ್ತಿದ್ದೇನೆ. ಓದಿ ಹೇಳುವವರು ಬೇಕಾದರೆ ನಿಮ್ಮ ಊರಿನ ಯಾವ ಆಫೀಸಿನ ಲಿಫ್ಟಿನಲ್ಲಾದರೂ ಒಮ್ಮೆ ಕೂಗಿ, ಇಬ್ಬರಾದರೂ ಕನ್ನಡಿಗರು ತಿರುಗಿ ನೋಡುತ್ತಾರೆ.

ನನ್ನ ಮಗಳು ಪ್ರಣೀತಾಳ ಸೀಮಂತ ಒಂಬತ್ತನೇ ತಿಂಗಳಲ್ಲಿ ಲಿವರ್‌ಮೋರ್ ದೇವಸ್ಥಾನದಲ್ಲಿ ನಡೆಯಿತು. ಅದೇ ದಿನಕ್ಕೆ ನನ್ನ ಅಳಿಯ ಅನೀಶ್ ಬೇಸ್‌ಬಾಲ್ ಟಿಕೆಟ್ಟು ತೆಗೆದಿಟ್ಟಿದ್ದ. ಅವನು ಕುಂದಾಪುರದವರ ಮಗ, ಹುಟ್ಟಿದ್ದು ಇಲ್ಲೇ ಅಮೆರಿಕದಲ್ಲಿ. ದೇವರ ಮೇಲಿರುವ ಭಕ್ತಿಯನ್ನು ತೂಗಿದರೆ ನಿಮ್ಮ ತಂಡದ ಮೇಲಿರುವುದೇ ತುಸು ಭಾರ. “ಮಾವ, ಜಸ್ಟ್ ಆನ್ ದಿ ವೇ. ನೋಡ್ಕೊಂಡು ಹಾಗೇ ನಿಮ್ಮನೆಗೆ ಹೋಗೋಣ” ಅಂದ. ಲಿವರ್‌ಮೋರಿನಿಂದ ವಾಲ್ನಟ್ ಕ್ರೀಕಿನ ನಮ್ಮ ಮನೆಗೆ ಬರುವ ದಾರಿಯಲ್ಲಿ ನಿಮ್ಮ ಮೈದಾನ ಯಾವ ಕೋನದಿಂದ ಸಿಗುತ್ತದೆಯೋ ನನಗೆ ಇನ್ನೂ ತಿಳಿದಿಲ್ಲ. ಫ್ರೀವೇ ಇರುವ ದೇಶದಲ್ಲಿ ಎಲ್ಲವೂ ದಾರಿಯಲ್ಲೇ ಇರುತ್ತದೆ ಅಂತ ಕಾಣುತ್ತದೆ.

ಇಲ್ಲಿ ನಮ್ಮ ಪದ್ಧತಿಯೊಂದನ್ನು ತಮ್ಮ ಗಮನಕ್ಕೆ ತರಬೇಕು. ಸೀಮಂತದಲ್ಲಿ ಬಸುರಿಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು ಹಾಕಿ ಮಡಿಲು ತುಂಬುತ್ತೇವೆ. ತುಂಬಿದ ಮಡಿಲನ್ನು ಬಾಯ್ತೆರೆದ ಜೋಳಿಗೆಯಂತೆ ಸೊಂಟಕ್ಕೆ ಕಟ್ಟಿಕೊಂಡು ಅವಳು ತವರಿಗೆ ಬರಬೇಕು. ಅಲ್ಲಿ ದೇವರ ದೀಪದೆದುರೇ ಅದನ್ನು ಬಿಚ್ಚಬೇಕು. ದಾರಿಯಲ್ಲಿ ಇಳಿಸುವಂತಿಲ್ಲ, ಒಳಗಿನದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೀಗಾಗಿ ನನ್ನ ಮಗಳು ಹಸಿರು ಬಳೆ, ಮಲ್ಲಿಗೆ ದಂಡೆ ಮತ್ತು ಒಂದು ಇಡೀ ತೆಂಗಿನಕಾಯಿಯ ಸಮೇತ ನಿಮ್ಮ ಗೇಟಿಗೆ ಬಂದಳು. ಕಾವಲಿನವನು ಸೆರಗಿನ ಗಂಟು ನೋಡಿ, ಇಷ್ಟು ದೊಡ್ಡ ಬ್ಯಾಗನ್ನು ಒಳಗೆ ಬಿಡುವುದಿಲ್ಲ ಎಂದ. ನನ್ನ ಹೆಂಡತಿ ಸರೋಜಿನಿ ಅಚ್ಚ ಉಡುಪಿ ಕನ್ನಡದಲ್ಲೇ ಅವನಿಗೆ ಹೇಳಿದಳು, “ಅದು ಬ್ಯಾಗಲ್ಲ ಮಾರಾಯ, ಮಡಿಲು. ಅದಕ್ಕೆ ಕೈ ಹಾಕ್ಲಿಕ್ಕಿಲ್ಲ.” ಅವನಿಗೆ ಎಷ್ಟು ಅರ್ಥವಾಯಿತೋ, ಪಾಪ, ಕೈ ಮುಗಿದು ಬಿಟ್ಟುಬಿಟ್ಟ. ನಿಮ್ಮ ಇಡೀ ಸಂಸ್ಥೆಯಲ್ಲಿ ವಿವೇಕ ಇರುವವನು ಅವನೊಬ್ಬನೇ. ಅವನಿಗೆ ಬಡ್ತಿ ಕೊಡಿ.

ಆಟ ಶುರುವಾಯಿತು. ಶುರುವಾಯಿತು ಎಂದು ಅನೀಶ್ ಹೇಳಿದ್ದರಿಂದ ನಂಬಿದೆ. ಅರ್ಧ ಜನ ತಿನ್ನುತ್ತಿದ್ದರು, ಉಳಿದರ್ಧ ತಿನ್ನುವುದಕ್ಕೆ ತರಲು ಹೋಗಿದ್ದರು. ನಿಮ್ಮ ತಂಡ ಹಿಂದೆ ಬಿದ್ದಾಗ ಸುತ್ತಮುತ್ತ ಇದ್ದ ದೊಡ್ಡ ದೊಡ್ಡ ಮನುಷ್ಯರೆಲ್ಲ ಟೊಪ್ಪಿ ತೆಗೆದು ಒಳಮೈ ಹೊರಗೆ ಮಾಡಿ ಹಾಕಿಕೊಂಡರು. “ಮಾವ, ನೀವೂ ಉಲ್ಟಾ ಹಾಕ್ಕೊಳ್ಳಿ, ಇಲ್ಲಾಂದ್ರೆ ರನ್ ಬರಲ್ಲ” ಎಂದ ಅನೀಶ್. ಅವನದು ಎಂಜಿನಿಯರಿಂಗಿನಲ್ಲಿ ಡಾಕ್ಟರೇಟು. ಅವನೇ ಕೊಡಿಸಿದ್ದ ಟೊಪ್ಪಿಯನ್ನು ನಾನೂ ಉಲ್ಟಾ ಮಾಡಿ ಹಾಕಿಕೊಂಡೆ. ಮಾನ್ಯರೇ, ಈ ಟೊಪ್ಪಿಯನ್ನು ನೆನಪಿಡಿ. ಮುಂದೆ ನಿಮ್ಮವರು ನನ್ನ ಹೆಂಡತಿಗೆ ‘ಮೂಢನಂಬಿಕೆ’ ಎಂಬ ಪದವನ್ನು ಬಳಸಲಿದ್ದಾರೆ.

ಅಷ್ಟರಲ್ಲಿ ಆಟಗಾರನೊಬ್ಬ ಚೆಂಡನ್ನು ಗೆರೆಯಾಚೆಗೆ, ನಮ್ಮ ಕಡೆಗೆ ಹೊಡೆದ. ಅದು ಕಂಬಿಗೆ ಬಡಿದು, ಮುಂದಿನ ಸಾಲಿನವನ ಚಿಪ್ಸಿನ ತಟ್ಟೆಯಲ್ಲಿ ಮುಳುಗಿ, ಮೈತುಂಬ ಚೀಸ್ ಬಳಿದುಕೊಂಡು ಮೇಲೆದ್ದು, ಬಹಳ ಮೆತ್ತಗೆ ಪ್ರಣೀತಾಳ ಮಡಿಲಿಗೆ ಇಳಿದು ತೆಂಗಿನಕಾಯಿಯ ಪಕ್ಕ ಕೂತಿತು. ಎದುರಿನ ದೊಡ್ಡ ಪರದೆಯ ಮೇಲೆ ನನ್ನ ಮಗಳ ಹೊಟ್ಟೆ ಮನೆಯಷ್ಟು ದೊಡ್ಡದಾಗಿ ಕಂಡಿತು. ಇಡೀ ಮೈದಾನ ಎದ್ದು ಚಪ್ಪಾಳೆ ಹೊಡೆಯಿತು. ಸರೋಜಿನಿಯ ಕಣ್ಣಲ್ಲಿ ನೀರು. ಅವಳು ದೇವಸ್ಥಾನದಿಂದ ಪೊಟ್ಟಣ ಕಟ್ಟಿ ತಂದಿದ್ದ ಅಕ್ಷತೆಯ ಅಕ್ಕಿಯನ್ನು ಒಂದು ಹಿಡಿ ತೆಗೆದು ಮಗಳ ತಲೆಗೆ ಹಾಕಿ, ಉಳಿದದ್ದನ್ನು “ನಿಂಗೂ ಒಳ್ಳೇದಾಗ್ಲಿ ಮಗಾ” ಎಂದು ಆ ಆಟಗಾರನ ಕಡೆಗೆ ಎರಚಿದಳು.

ಚಪ್ಪಾಳೆ ನಿಂತ ಮೇಲೆ ಕೂಗು ಶುರುವಾಯಿತು: “ಮಗುವಿಗೆ ಕೊಡಿ! ಮಗುವಿಗೆ ಕೊಡಿ!” ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಸಿಕ್ಕವರದೇ, ಆದರೆ ದೊಡ್ಡವರಿಗೆ ಸಿಕ್ಕರೆ ಹತ್ತಿರದ ಮಗುವಿಗೆ ಕೊಡುವುದು ಇಲ್ಲಿನ ಸಂಪ್ರದಾಯ ಎಂದು ಅನೀಶ್ ವಿವರಿಸಿದ. ಒಳ್ಳೆಯ ಸಂಪ್ರದಾಯವೇ. ಆದರೆ ಸಾವಿರಾರು ಜನ ಯಾರ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದರೋ ಆ ಮಗು ಅಪ್ಪನ ಹೆಗಲ ಮೇಲೆ ಜೊಲ್ಲು ಸುರಿಸಿಕೊಂಡು ನಿದ್ದೆ ಮಾಡುತ್ತಿತ್ತು! ಅದು ಬಂದದ್ದೇ ಐಸ್‌ಕ್ರೀಮಿಗೆ, ಚೆಂಡು ಕಂಡರೆ ಅಳುತ್ತದೆ ಎಂದು ಆ ಅಪ್ಪನೇ ಹೇಳಿದ. ಜನ ಕೇಳಬೇಕಲ್ಲ?

“ಅಮ್ಮಾ, ಇಟ್ಸ್ ಓಕೆ, ಕೊಟ್ಬಿಡೋಣ. ಎಲ್ಲರೂ ನೋಡ್ತಿದಾರೆ” ಎಂದಳು ಪ್ರಣೀತಾ.

“ನೋಡ್ಲಿ. ಮಡಿಲಿಗೆ ಬಿದ್ದದ್ದನ್ನು ತೆಗೆದು ಕೊಡ್ಲಿಕ್ಕುಂಟಾ? ಮಗುವಿಗೆ ಅಂತ ತಾನೇ ಇವರು ಹೇಳುವುದು? ಮಗುವಿಗೇ ಬಂದದ್ದು ಅದು” ಎಂದಳು ಸರೋಜಿನಿ.

ಆಗ ಬಂದರು ನಿಮ್ಮ ಅಧಿಕಾರಿ. ಮಗು ಎಲ್ಲಿದೆ ಎಂದು ಕೇಳಿದರು. ನನ್ನ ಹೆಂಡತಿ ಹೊಟ್ಟೆ ತೋರಿಸಿದಳು. ಮಗು ಕಣ್ಣಿಗೆ ಕಾಣಬೇಕು ಎಂದರು. ನಾನು ನಿಮ್ಮದೇ ನಿಯಮವನ್ನು ಫೋನಿನಲ್ಲಿ ತೆರೆದು ಓದಿದೆ: ಎರಡು ವರ್ಷದೊಳಗಿನ ಮಗುವಿಗೆ ಟಿಕೆಟ್ಟು ಬೇಡ, ಆದರೆ ಅದು ಹೆತ್ತವರ ತೊಡೆ ಬಿಟ್ಟು ಬೇರೆ ಸೀಟಿನಲ್ಲಿ ಕೂರಬಾರದು. ಈ ನಿಯಮವನ್ನು ನನ್ನ ಮೊಮ್ಮಗುವಿನಷ್ಟು ಶ್ರದ್ಧೆಯಿಂದ ಪಾಲಿಸಿದ ಪ್ರೇಕ್ಷಕ ನಿಮ್ಮ ಮೈದಾನದ ಚರಿತ್ರೆಯಲ್ಲಿ ಇದ್ದಾನೆಯೇ? ಸೀಟು ಕೇಳಲಿಲ್ಲ, ಬಿಯರು ಚೆಲ್ಲಲಿಲ್ಲ, ಅಂಪೈರನ ತಾಯಿಯ ಬಗ್ಗೆ ಒಂದು ಮಾತಾಡಲಿಲ್ಲ. ಅಧಿಕಾರಿ ಯಾರಿಗೋ ಫೋನು ಮಾಡಿದರು, ಬಹುಶಃ ತಮಗೇ. ಕೊನೆಗೆ, ಇದೆಲ್ಲ ಮೂಢನಂಬಿಕೆ ಎಂದು ತಲೆಯಾಡಿಸಿ, ತಮ್ಮ ಉಲ್ಟಾ ಟೊಪ್ಪಿಯನ್ನು ಸರಿಮಾಡಿಕೊಂಡು, ಚೆಂಡನ್ನು ಎತ್ತಿಕೊಂಡರು. ಮೈದಾನಕ್ಕೆ ವಸ್ತು ಎಸೆದ ಅಪರಾಧಕ್ಕೆ ಸರೋಜಿನಿಗೆ ಒಂದು ಸೀಸನ್ನಿನ ಬಹಿಷ್ಕಾರ ಹಾಕಿದರು.

ವಸ್ತು ಯಾವುದು? ಹಿಡಿ ಅಕ್ಕಿ! ಆಮೇಲೆ ಎದುರಾಳಿ ಹೊಡೆದ ಚೆಂಡು ಪ್ರೇಕ್ಷಕರ ನಡುವೆ ಬಿದ್ದಾಗ, ಒಬ್ಬ ಅದನ್ನು ರೋಷದಿಂದ ಮೈದಾನಕ್ಕೇ ವಾಪಸು ಎಸೆದ. ಅವನಿಗೆ ಜಯಘೋಷ ಸಿಕ್ಕಿತು. ಸಿಟ್ಟಿನಿಂದ ಕಲ್ಲಿನಂಥ ಚೆಂಡು ಎಸೆದರೆ ಅಭಿಮಾನ, ಹರಸಿ ನಾಲ್ಕು ಕಾಳು ಎರಚಿದರೆ ಅಪರಾಧ. ಇದು ಯಾವ ಊರಿನ ನ್ಯಾಯ ಮಾನ್ಯರೇ?

ಬಹಿಷ್ಕಾರದ ಬಗ್ಗೆ ನನಗೆ ತಕರಾರಿಲ್ಲ. ಸರೋಜಿನಿಯೂ “ಇನ್ನು ಕರೆದ್ರೂ ಬರ್ಲಿಕ್ಕಿಲ್ಲ” ಎಂದಿದ್ದಾಳೆ. ತಕರಾರು ಇರುವುದು ಚೆಂಡಿನದ್ದು. ಮನೆಗೆ ಬಂದ ಮೇಲೆ ಅವಳು ಆ ಮಡಿಲನ್ನು ಬಿಚ್ಚಲು ಬಿಡಲಿಲ್ಲ. ಒಳಗಿನದೊಂದು ಹೊರಗೆ ಹೋಗಿದೆ, ಅದು ಬಂದ ಮೇಲೆಯೇ ಬಿಚ್ಚುವುದು ಎಂದಳು. ಸೀರೆಯನ್ನು ಗಂಟಿನ ಸಮೇತ ದೀಪದ ಮುಂದೆ ಇಟ್ಟಿದ್ದಾಳೆ. ಬಾಳೆಹಣ್ಣು ಕರಿದಾಗಿದೆ. ಸಂಸಾರವಂದಿಗ ನುಸಿಗಳು ಬಂದು ನೆಲೆಸಿವೆ. ಪಕ್ಕದ ಮನೆಯಾಕೆ ಏನೋ ಸತ್ತಿರಬೇಕು ಎಂದು ಎರಡು ಸಲ ವಿಚಾರಿಸಿದ್ದಾಳೆ.

ನಗಬೇಡಿ. ನಾನೂ ಮೊದಲು ನಕ್ಕೆ. ಎರಡು ವರ್ಷದ ಹಿಂದೆ ಪ್ರಣೀತಾಳ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಆಗ ಸೀಮಂತದವರೆಗೂ ನಾವು ಹೋಗಿರಲಿಲ್ಲ. ಈ ಸಲ ತುಂಬಿದ ಮಡಿಲಿಗೆ ಯಾರೋ ಕೈ ಹಾಕಿದ ದಿನದಿಂದ ನನ್ನ ಹೆಂಡತಿ ಸರಿಯಾಗಿ ಉಂಡಿಲ್ಲ. ನನಗೆ ಈ ಶಾಸ್ತ್ರಗಳಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಆದರೆ ಅವಳು ಹೆದರಿದ್ದಾಳೆ, ಅವಳನ್ನು ನೋಡಿ ನನಗೂ ಹೆದರಿಕೆಯಾಗಿದೆ. ಒಂದು ಚೆಂಡು ವಾಪಸು ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?

ಇಷ್ಟು ಬರೆದು ನಿಲ್ಲಿಸಿದ್ದೆ. ಆಸ್ಪತ್ರೆಯಿಂದ ಅನೀಶನ ಫೋನು ಬಂತು. ಹೋಗಿ ನೋಡಿ ಬಂದು ಈಗ ಮುಂದುವರಿಸುತ್ತಿದ್ದೇನೆ. ಹೆಣ್ಣುಮಗು. ತಾಯಿ, ಮಗು ಇಬ್ಬರೂ ಆರಾಮ. ಅಳು ಮಾತ್ರ ನಿಮ್ಮ ಮೈದಾನದ ಕೊನೆಯ ಸಾಲಿನವರೆಗೆ ಕೇಳುವಂಥದ್ದು. ಇನ್ನು ಹೆದರಿಕೆ ಬಿಡು, ಮಡಿಲು ಬಿಚ್ಚೋಣವೇ ಎಂದು ಸರೋಜಿನಿಯನ್ನು ಕೇಳಿದೆ. ಅವಳು ಮೊಮ್ಮಗಳನ್ನು ಎದೆಗೊತ್ತಿಕೊಂಡು, “ಬಿಚ್ಚುವುದು ಹೇಗೆ? ಇವಳದ್ದೊಂದು ಅವರ ಹತ್ರ ಉಂಟಲ್ಲ? ಈಗ ಕಾಣ್ತದೆ ಅಂತ ಅವರಿಗೆ ಬರೀರಿ ಮಾರಾಯ್ರೆ” ಎಂದಳು.

ಆದ್ದರಿಂದ ಬರೆಯುತ್ತಿದ್ದೇನೆ. ಮಗು ಕಣ್ಣಿಗೆ ಕಾಣಬೇಕು ಎಂಬ ನಿಮ್ಮ ಏಕೈಕ ಆಕ್ಷೇಪಣೆ ಬಿದ್ದುಹೋಗಿದೆ. ವಾಲ್ನಟ್ ಕ್ರೀಕಿಗೆ ಬನ್ನಿ, ಚಪ್ಪಲಿ ಹೊರಗೆ ಬಿಡಿ, ವಾಸನೆಗೆ ಮೂಗು ಮುಚ್ಚಿಕೊಳ್ಳಿ, ಬೇಕಾದರೆ ಟೊಪ್ಪಿ ಉಲ್ಟಾ ಹಾಕಿಕೊಂಡೇ ಬನ್ನಿ, ನಮ್ಮ ಅಭ್ಯಂತರವಿಲ್ಲ. ಚೀಸ್ ಒರೆಸಬೇಕಾಗಿಲ್ಲ. ಸಾವಿರಾರು ಜನ ಒಂದೇ ದನಿಯಲ್ಲಿ ನಿಮ್ಮೆದುರೇ ಕೂಗಿದ್ದನ್ನು ನಾನೂ ಕೂಗುತ್ತೇನೆ, ಅದಕ್ಕಿಂತ ಹೆಚ್ಚು ಏನನ್ನೂ ಕೇಳುವುದಿಲ್ಲ:

ಮಗುವಿಗೆ ಕೊಡಿ.

ಇಂತಿ,
ಬಾಳೆಹಣ್ಣಿನ ನುಸಿಗಳ ನಡುವೆ ತಮ್ಮ ದಾರಿ ಕಾಯುತ್ತಿರುವ ಹೊಸ ಅಜ್ಜ,
ಲೀಲಾಧರ
ವಾಲ್ನಟ್ ಕ್ರೀಕ್