ಬಿಟ್ಟುಹೋದ ಒಂದು ‘ಅ’

ಮಾಂತಾ,
೯ ಮಾರ್ಚ್ ೧೯೯೪, ಬುಧವಾರ

ಪ್ರೀತಿಯ ಸೊಬೈದಾ ಅಕ್ಕ,

ಉಲ್ಬಿಯೊ ಸಿಕ್ಕಿದ್ದಾನೆ. ಕುಣಿಯಬೇಡ, ಪೂರ್ತಿ ಓದು.

ದೋಣಿ ಮಗುಚಿದ ಮೇಲೆ ಅವನನ್ನು ಕೊರಿಯಾದ ಮೀನುಗಾರಿಕೆ ಹಡಗೊಂದು ಎತ್ತಿಕೊಂಡಿದೆ. ಅದರ ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಕಳಿಸಿದ ಸಂದೇಶ ಬೆಳಿಗ್ಗೆ ಬಂದರಿನ ಕಚೇರಿಗೆ ಬಂತು: ‘ಉಲ್ಬಿಯೊ ಹೈ ಫೀವರ್. ಲಿಟಲ್ ಹೋಪ್.’ ಗುಮಾಸ್ತ ಅದನ್ನು ಓದಿ ನಮ್ಮತ್ತೆಯ ಕೈ ಹಿಡಿದು, “ಜ್ವರ ಜೋರಿದೆಯಂತೆ ಅಮ್ಮಾ, ಆದ್ರೂ ಸ್ವಲ್ಪ ಭರವಸೆ ಇದೆಯಂತೆ” ಎಂದ.

“ಸ್ವಲ್ಪ ಸಾಕಪ್ಪ, ಮಿಕ್ಕಿದ್ದು ಕನ್ಯಾಮಾತೆ ನೋಡ್ಕೋತಾಳೆ” ಎಂದರು ಅತ್ತೆ.

ಅಕ್ಕ, ಗುಮಾಸ್ತ ಹೇಳಿದ ಅರ್ಥ ತಪ್ಪು. ‘ಅ ಲಿಟಲ್ ಹೋಪ್’ ಎಂದಿದ್ದರೆ ಸ್ವಲ್ಪ ಆಸೆ ಇದೆ ಎಂದು. ‘ಅ’ ಇಲ್ಲದೆ ಬರೀ ‘ಲಿಟಲ್ ಹೋಪ್’ ಎಂದರೆ ಆಸೆ ಇಲ್ಲವೆಂದೇ ಲೆಕ್ಕ. ಹೈಸ್ಕೂಲಿನಲ್ಲಿ ವರ್ಷವರ್ಷವೂ ಇದೇ ಪಾಠ ಮಾಡಿ, ಆ ಒಂದಕ್ಷರ ಬಿಟ್ಟ ಮಕ್ಕಳ ಅಂಕ ಕಿತ್ತುಕೊಂಡವಳು ನಾನು. ಕಾಗದ ಇಸಿದುಕೊಂಡು ನೋಡಿದೆ. ‘ಅ’ ಇರಲಿಲ್ಲ.

ಕಾಗದ ಮಡಿಚಿ ಗುಮಾಸ್ತನಿಗೇ ವಾಪಸು ಕೊಟ್ಟೆ. ಅತ್ತೆ ಮನೆಗೆ ಬಂದವರೇ ಮಗನಿಗೆ ಮೀನುಸಾರು ಮಾಡಬೇಕೆಂದು ಶೇಂಗಾ ಅರೆಯಲು ಕೂತರು. “ಮೂತಿ ಯಾಕೆ ಹಿಂಗೆ ಊದಿಸ್ಕೊಂಡಿದೀಯ? ಗಂಡ ಬರ್ತಾನೆ ಅಂದ್ರೆ ಸಂತೋಷ ಇಲ್ವಾ ನಿಂಗೆ?” ಎಂದು ಚುಚ್ಚಿದರು. ಹಲ್ಲುಕಚ್ಚಿ ನಕ್ಕೆ. ಇವತ್ತೊಂದು ದಿನವಾದರೂ ಅವರು ಆ ತಪ್ಪಿನಲ್ಲೇ ಸುಖವಾಗಿರಲಿ.

ಹಡಗು ಮತ್ತೆ ರೇಡಿಯೊಗೆ ಸಿಕ್ಕಿಲ್ಲ. ಕಚೇರಿಯ ಕಡೆಯಿಂದ ಯಾರು ನಡೆದು ಬಂದರೂ ಬಾಗಿಲಿಗೆ ಓಡುತ್ತೇನೆ. ನನಗೆ ತುಂಬಾ ಹೆದರಿಕೆ, ಅಕ್ಕ. ಅವನಿಲ್ಲದ ಮನೆ ನನಗೆ ಬೇಡ.

ಸಾವಿನ ಮನೆಗೆ ಹಾಕುವ ನಿನ್ನ ಕಪ್ಪು ಉಡುಪನ್ನು ಗ್ವಾಯಾಕಿಲ್ ಬಸ್ಸಿನಲ್ಲಿ ಕಳಿಸು. ಅತ್ತೆ ಪೊಟ್ಟಣ ಬಿಚ್ಚಿ ನೋಡದೆ ಬಿಡುವವರಲ್ಲ. ಮೇಲೆ ನಿನ್ನ ಮಕ್ಕಳ ಬಟ್ಟೆ ಏನಾದರೂ ಸುತ್ತು.

ನಿನ್ನ ತಂಗಿ,
ನೆರೈದಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇನ್ನೊಂದು ಸಂದೇಶ ಬಂತು. ಈ ಸಲ ನಾನೇ ಓದಿದೆ: ‘ಫೀವರ್ ಡೌನ್. ಉಲ್ಬಿಯೊ ಈಟ್ ಲಿಟಲ್ ಸೂಪ್. ಆಸ್ಕ್ ಮೋರ್. ಶಿಪ್ ಕಮ್ ಫ್ರೈಡೇ.’ ಅಕ್ಕ, ಆ ಪುಣ್ಯಾತ್ಮ ಕ್ಯಾಪ್ಟನ್ ಎಲ್ಲೂ ‘ಅ’ ಹಾಕುವುದೇ ಇಲ್ಲ! ನನ್ನ ಕ್ಲಾಸಿನಲ್ಲಿದ್ದಿದ್ದರೆ ಸೊನ್ನೆ ಕೊಡುತ್ತಿದ್ದೆ. ಈಗ ಸಿಕ್ಕರೆ ಕೈಗೆ ಮುತ್ತಿಡುತ್ತೇನೆ. ನಾನು ಬಿಕ್ಕಿಬಿಕ್ಕಿ ಅಳುವುದನ್ನು ನೋಡಿ ಅತ್ತೆ, “ಸ್ವಲ್ಪ ಇದೆ ಅಂತ ಮೊದ್ಲೇ ಬರೆದಿರ್ಲಿಲ್ವೇನೆ? ಇಂಗ್ಲಿಷ್ ಟೀಚರಂತೆ, ಟೀಚರು!” ಎಂದರು.

ಕಪ್ಪು ಉಡುಪು ಬೇಡ. ಶೇಂಗಾ ಕಳಿಸು, ಜಾಸ್ತಿಯೇ ಕಳಿಸು.