ಪನ್ನೀರು ಗುಲಾಬಿಯ ಕಡ್ಡಿ

ಪೀಣ್ಯ,
ಜುಲೈ 1994

ಪ್ರೀತಿಯ ಶೈಲಜಾ,

ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ನೀನು ಅಕ್ಕರೆಯಿಂದ ಕೊಟ್ಟ ಪನ್ನೀರು ಗುಲಾಬಿಯ ಕಡ್ಡಿ ಈ ಸಲವೂ ಒಣಗಿತು. ಕುರಿಗೊಬ್ಬರ ಹಾಕಿದೆ, ಅಕ್ಕಿ ತೊಳೆದ ನೀರು ಹೊಯ್ದೆ. ನಿಮ್ಮ ವೈಟ್‌ಫೀಲ್ಡಿನ ಮಣ್ಣೇ ಬೇರೆ ಎಂದರೆ ನಮ್ಮತ್ತೆ ಒಪ್ಪುವುದಿಲ್ಲ. ನಿಮ್ಮ ಮನೆಯಿಂದ ತಂದ ಹೂವನ್ನೇ ಮುಡಿದುಕೊಂಡು, "ಅದೆಲ್ಲ ಕೈಗುಣ ಕಣೇ. ಶೈಲಜಂಗೆ ಐತೆ, ನಿಂಗಿಲ್ಲ" ಅಂದರು. ನಮ್ಮ ಯಜಮಾನರೂ ತಲೆಯಾಡಿಸಿದರು. ಅವತ್ತಿನಿಂದ ಇಬ್ಬರಿಗೂ ಬರೀ ಉಪ್ಪಿಟ್ಟು.

ಎದುರುಮನೆ ಸಿದ್ದಮ್ಮ ನಿನ್ನೆ ಗುಟ್ಟು ಹೇಳಿದರು: "ಕೇಳಿ ತಂದದ್ದು ಎಲ್ಲಿ ಚಿಗುರುತ್ತೆ ಕಣ್ರೀ? ಕದ್ದು ತಂದ್ರೇನೇ ಗಿಡ ಬರೋದು."

ಭಾನುವಾರ ಸಂಜೆ ಬರುತ್ತೇನೆ. ಈ ಸಲ ನೀನಾಗಿ ಕಡ್ಡಿ ಕೊಡಬೇಡ. ನನ್ನನ್ನು ಅಂಗಳದಲ್ಲೇ ಕೂರಿಸಿ, ಕಾಫಿ ಮಾಡಲು ಒಳಗೆ ಹೋಗು. ನಿಧಾನವಾಗಿ ಬಾ.

ಕತ್ತರಿ ನಾನೇ ತರುತ್ತೇನೆ.

ನಿನ್ನ ಗೆಳತಿ,
ಸರ್ವಮಂಗಳಾ